ತಮ್ಮನ ಟ್ರೊಂಬೋನಿಗೆ ಬರೆದದ್ದು

ಮಾರ್ಚ್ 3, ಭಾನುವಾರ, ಸಂಜೆ ಐದು

ತಮ್ಮಾ, ಹೇಗಿದ್ದೀಯ? ನಿನ್ನ ಮನೆಯವಳ ಮಂಡಿನೋವು ಇಳಿಯಿತೆ? ಪಿಟ್ಟೆಯ ಕೆಮ್ಮು ಹೋಯಿತೆ? ಪಿಟ್ಟೆ ಅನ್ನುವುದು ನಿನ್ನ ಮಗಳಿಗೆ ನಾನೇ ಇಟ್ಟ ಹೆಸರು. ನಿನ್ನ ಅಕ್ಕ ತೋರಿಸಿದ ಫೋಟೋದಲ್ಲಿ ನಿನ್ನ ಮೊಣಕಾಲಿನಷ್ಟೇ ಇದ್ದಳು. ಈಗ ಕಾಲೇಜು ಮುಗಿಸಿದ್ದಾಳಂತೆ, ಇರಲಿ, ನನಗೆ ಪಿಟ್ಟೆಯೇ. ನಿನ್ನ ಮಗ, ಆ ದಪ್ಪ ಕನ್ನಡಕದ ಹುಡುಗನಿಗೆ ಕಣ್ಣಿನ ನಂಬರು ಇನ್ನೂ ಏರದಿರಲಿ. ನಿನ್ನ ಹಲ್ಲು ಗಟ್ಟಿಯಾಗಿವೆಯೆ? ಊದುವವನಿಗೆ ಮುಂದಿನ ನಾಲ್ಕು ಹಲ್ಲೇ ಆಸ್ತಿ. ಜೋಪಾನ.

ಇಲ್ಲಿ ನಾವಿಬ್ಬರೂ ಕ್ಷೇಮ. ನಿನ್ನ ಅತ್ತಿಗೆಯ ಬಲಗಿವಿ ಪೂರ್ತಿ ಹೋಯಿತು. 'ಟ್ಯೂಬಾ ಊದೋರನ್ನ ಕಟ್ಕೊಂಡು ಒಂದೇ ಕಿವಿ ಹೋಗಿದ್ದು ನನ್ನ ಪುಣ್ಯ' ಅಂತ ಬಂದವರಿಗೆಲ್ಲ ಹೇಳುತ್ತಾಳೆ.

ಇದನ್ನು ಟಪಾಲಿಗೆ ಹಾಕುವವನಲ್ಲ. ಹಿಂದಿನ ಹತ್ತು ನೋಟ್‌ಬುಕ್ಕುಗಳನ್ನೂ ಹಾಕಲಿಲ್ಲ. ನಿನ್ನನ್ನು ಎದುರಿಗೆ ಕೂರಿಸಿಕೊಂಡರೆ ಕೈ ಓಡುತ್ತದೆ, ಅಷ್ಟೆ.

ಬೆಳಿಗ್ಗೆಯಿಂದ ಬ್ಯಾಂಡ್ ರೂಮಿನಲ್ಲಿದ್ದೆ. ಅದೇ ರೂಮು — ಟ್ರಾಮ್ ಡಿಪೋ ಮಹಡಿ, ಕೆಳಗೆ ಗಾಡಿ ತೊಳೆಯುವ ಜಾಗ, ಕಿಟಕಿ ತೆಗೆದರೆ ಸೋಪಿನ ನೀರಿನ ವಾಸನೆ. ಹಿತ್ತಾಳೆ ವಾದ್ಯಗಳ ವಾಲ್ವಿಗೆ ಎಣ್ಣೆ, ಟ್ರೊಂಬೋನಿನ ಜಾರುಕೊಳವೆ ಸ್ಲೈಡಿಗೆ ಕ್ರೀಮು, ಹರಿದ ಸ್ವರದ ಹಾಳೆಗೆ ಟೇಪು. ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಭಾನುವಾರದ ಡ್ಯೂಟಿ ತಪ್ಪಿಸಿಲ್ಲ. ಮೇಡಂ ಬಂದರು. ಈಗ ಬ್ಯಾಂಡ್ ನಡೆಸುವವರು ಅವರೇ, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ. ತಾಳ ತಪ್ಪಿದರೆ ಮಾರ್ಕ್ಸ್ ಕಳೆದ ಹಾಗೆ ನೋಡುತ್ತಾರೆ.

"ಮೇ ಹದಿನೆಂಟಕ್ಕೆ ಕಚೇರಿ ಇದೆ ಯಜಮಾನ್ರೆ. ಹೊಸದೊಂದು ಬರೆದುಕೊಡಿ. ಈ ಅಲಮಾರಿಲಿರೋದೆಲ್ಲ ನಮ್ಮಜ್ಜಿಗಿಂತ ಹಳೇದು."

"ನಾನೂ ಅಷ್ಟೇ ಹಳಬ ಮೇಡಂ."

"ನಿಮಗೆ ಆಗಾಗ ಎಣ್ಣೆ ಬಿಡ್ತಾ ಇರ್ತೀವಲ್ಲ!"

ಒಪ್ಪಿಕೊಂಡೆ. ಅವರಿಗೆ ಹೇಳದ ಸಂಗತಿ ಏನೆಂದರೆ, ಅರ್ಧ ಆಗಲೇ ಬರೆದಾಗಿದೆ. ಶಾಸ್ತ್ರೀಯ ತುಣುಕು, ಜಾಜ್ ರೀತಿಯಲ್ಲಿ, ಬಾಸ್ ಟ್ರೊಂಬೋನ್ ಒಂದಕ್ಕೇ ಸೋಲೋ, ಹಿಂದೆ ಇಡೀ ಬ್ಯಾಂಡು. ಯಾವ ತುಣುಕು ಅಂತ ನಿನಗೆ ಹೇಳಬೇಕಿಲ್ಲ. ರಚಿಸಿದವರು ಆ ವಿಗ್ ಹಾಕಿದ ಹಳೇ ಕಾಲದ ಯಜಮಾನರು. ಹತ್ತೊಂಬತ್ತು ವರ್ಷದ ಹಿಂದೆ ಸ್ಪರ್ಧೆಯಲ್ಲಿ ತಾಳದ ಹದಿನಾರು ಆವರ್ತ, ಹದಿನಾರು ಬಾರು, ತಪ್ಪು ಊದಿದೆ ಅಂತ ನಿನಗೆ ಹೆಸರು ಬಂತಲ್ಲ, ನೀನು ಊರು ಬಿಟ್ಟೆಯಲ್ಲ, ಅದೇ.

ನೀನು ಬಂದು ಇದನ್ನು ಊದಬೇಕು. ಇಷ್ಟೇ ನನ್ನ ಆಸೆ.


ಮಾರ್ಚ್ 10, ಭಾನುವಾರ

ನಿನ್ನ ಅಕ್ಕ ಬಂದಿದ್ದಳು. ಹೊಸಿಲು ದಾಟುವಾಗಲೇ ಮಾತು ಶುರು. ನಾನು ಟ್ಯೂಬಾದಲ್ಲಿ ನಿನ್ನ ಭಾಗ ಊದಿ ನೋಡುತ್ತಿದ್ದೆ.

"ಏನಣ್ಣ ಇದು, ಕುಂಟ್ತಾ ಇದೆ?"

"ಜಾಜ್ ಅದು."

"ಚೆನ್ನಾಗಿ ನಡೀತಿದ್ದ ಹಾಡಿನ ಕಾಲು ಮುರಿದು ಜಾಜ್ ಅಂತೀಯಲ್ಲ, ಭಲೆ! ಅಪ್ಪ ಇದ್ದಿದ್ರೆ ಟ್ಯೂಬಾನ ನಿನ್ನ ತಲೆಗೇ ಕವುಚಿರೋರು."

"ಅಪ್ಪನಿಗೂ ಇಷ್ಟ ಆಗೋದು. ಕೂತು ಕೇಳು."

ಕೇಳಿದಳು. ತಲೆ ತೂಗಿಸಿಬಿಟ್ಟಳು, ತೂಗಿಸಿದ್ದು ನನಗೆ ಕಂಡಿತು ಅಂತ ಗೊತ್ತಾಗಿ ನಿಲ್ಲಿಸಿದಳು.

"ಸೋಲೋ ಯಾರಿಗೆ?"

"ಬಾಸ್ ಟ್ರೊಂಬೋನಿಗೆ."

ಬಾಯಿಗೆ ಹೋಗುತ್ತಿದ್ದ ಟೀ ಲೋಟ ಅಲ್ಲೇ ನಿಂತಿತು. "ಅವನಿಗಾ?"

"ಪ್ಲಂಬರ್ ಇದ್ದಾನಲ್ಲ, ಈಗ ಆ ಕುರ್ಚಿಲಿ ಕೂರೋನು..."

"ನನ್ನ ಹತ್ರ ಬೇಡ ಈ ಆಟ. ಆ ಪ್ಲಂಬರಿಗೆ ನಿಮ್ಮನೆ ನಲ್ಲಿ ರಿಪೇರಿನೂ ಕೊಡಲ್ಲ ನೀನು."

ಹಾಳೆಗಳನ್ನು ಜೋಡಿಸತೊಡಗಿದೆ. ಅವಳೇ ಅಂದಳು: "ಕೇಳ್ತೀನಿ ಬಿಡು. ಆದ್ರೆ ನಿಮ್ಮಿಬ್ಬರ ನಡುವೆ ನಿಂತೂ ನಿಂತೂ ನನ್ನ ಸೊಂಟ ಹೋಯ್ತಣ್ಣ. ಇಬ್ಬರೂ ಬಾಯಿಲೇ ಊಟ ಮಾಡೋರು, ಬಾಯಿಲೇ ಊದೋರು. ಮಾತಾಡೋಕೆ ಮಾತ್ರ ನನ್ನ ಬಾಯಿ ಬೇಕು."


ಮಾರ್ಚ್ 18, ಸೋಮವಾರ, ಮಧ್ಯಾಹ್ನ

ಜಾಜ್ ನನಗೆ ಯಾರೂ ಕಲಿಸಲಿಲ್ಲ ತಮ್ಮಾ. ನೀನು ಹೋದೆ. ಹಡಗಿನ ಡ್ಯಾನ್ಸ್ ಬ್ಯಾಂಡಿನಲ್ಲಿ ಇದ್ದಾನೆ, ಜಾಜ್ ಊದುತ್ತಾನೆ ಅಂತ ಅಕ್ಕ ಹೇಳಿದಳು. ನನಗೆ ಆ ಪದ ಗೊತ್ತಿತ್ತು, ಒಳಗೇನಿದೆ ಗೊತ್ತಿರಲಿಲ್ಲ. ಪಬ್ಲಿಕ್ ಲೈಬ್ರರಿಯಿಂದ ರೆಕಾರ್ಡು ತಂದೆ. ಅರ್ಧ ಸ್ಪೀಡಿನಲ್ಲಿ ಹಾಕಿ, ಒಂದೊಂದೇ ಸ್ವರ ಹಿಡಿದು ಹಾಳೆಗಿಳಿಸಿದೆ. ಲೈಬ್ರರಿಯವರು ಕೇಳಿದರು, 'ರೆಕಾರ್ಡು ಸವೀತಾ ಇದೆ ಸಾರ್, ಅಷ್ಟು ಇಷ್ಟವಾ?' ಮೊದಮೊದಲು ಇಷ್ಟವೇನೂ ಇರಲಿಲ್ಲ. ಆ ಗಲಾಟೆಯ ತಳದಲ್ಲಿ ಎಲ್ಲೋ ನೀನಿದ್ದೀಯ ಅಂತ ಕೇಳುತ್ತಿದ್ದೆ. ಆಮೇಲೆ ಇಷ್ಟವೂ ಆಯಿತು.

ಕುಂಟು ಅಂದಳಲ್ಲ ಅಕ್ಕ, ಸರಿಯಾಗೇ ಅಂದಳು. ಸಮ ಇರುವ ಎರಡು ಸ್ವರದಲ್ಲಿ ಒಂದನ್ನು ಎಳೆಯುವುದು, ಇನ್ನೊಂದನ್ನು ಚಿವುಟುವುದು. ಎಷ್ಟು ಎಳೆಯಬೇಕು ಅಂತ ಬರೆಯಲು ಬರುವುದಿಲ್ಲ. ಕಾಗದದಲ್ಲಿ ಸಮವಾಗೇ ಬರೆದು, ಮೇಲೆ ಒಂದು ಮಾತು ಹಾಕಿ, ಊದುವವನ ಮೇಲೆ ಭಾರ ಹೊರಿಸಬೇಕು. ಕಾಗದವನ್ನೇ ನಂಬಿ ಬಾಳಿದವನು ನಾನು, ಅಷ್ಟು ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು.

ಈಗ ಹೀಗಿದೆ. ಮೊದಲು ನೀನು ವಿಗ್ ಯಜಮಾನರು ಬರೆದ ಹಾಗೇ, ನೆಟ್ಟಗೆ. ಎರಡನೇ ಸುತ್ತಿಗೆ ಕಾರ್ನೆಟ್ಟುಗಳು ಬಾಯಿಗೆ ಮ್ಯೂಟ್ ಮುಚ್ಚಳ ಹಾಕಿಕೊಂಡು ಪಿಸುಗುಟ್ಟುತ್ತವೆ, ನೀನು ಎಳೆಯಲು ಶುರು. ಮಧ್ಯೆ ಆ ಹದಿನಾರು ಬಾರು. ಅಲ್ಲಿ ಎಲ್ಲರನ್ನೂ ಸುಮ್ಮನಾಗಿಸಿದ್ದೇನೆ. ನೀನು ಮತ್ತು ಕೆಳಗೆ ಹೆಜ್ಜೆ ಹಾಕುವ ನನ್ನ ಟ್ಯೂಬಾ. ಇಬ್ಬರೇ.

ಸಾಲಿನ ತುದಿಯಲ್ಲಿ ಕೂತು ಎಲ್ಲರಿಗೂ ನೆಲ ಆಗುವವನು ಬಾಸ್ ಟ್ರೊಂಬೋನಿನವನು. ನೆಲವನ್ನೇ ಎಬ್ಬಿಸಿ ಮುಂದೆ ನಿಲ್ಲಿಸಿ ಹಾಡು ಅನ್ನುವುದು... ನಿನಗೆ ಗೊತ್ತು. ಕಿಟಕಿ ಗಾಜು ನಡುಗುತ್ತದಲ್ಲ, ಆ ಸ್ವರ. ಅದನ್ನು ಕೇಳಬೇಕು ಅನ್ನಿಸುತ್ತದೆ. ಬಹಳ ಅನ್ನಿಸುತ್ತದೆ.


ಮಾರ್ಚ್ 31, ಭಾನುವಾರ

ಅಕ್ಕ ನಿನಗೆ ಫೋನ್ ಮಾಡಿದ್ದಳಂತೆ. ಬಂದು ಕೂತು ಮೊದಲು ನೀರು ಕುಡಿದಳು. ಅವಳು ಮಾತಿಗೆ ಮುಂಚೆ ನೀರು ಕುಡಿದರೆ ಸುದ್ದಿ ಒಳ್ಳೆಯದಲ್ಲ ಅಂತ ಅರ್ಥ.

"ಹೇಳ್ದೆ ಕಣಣ್ಣ. ನಿನಗೋಸ್ಕರ ಸೋಲೋ ಬರೆದಿದ್ದಾನೆ, ಜಾಜ್ ಕಲಿತಿದ್ದಾನೆ ಮುದುಕ, ಬಾ ಅಂದೆ. ಕೇಳಿಸ್ಕೊಂಡ. 'ಬೇರೇನಾದ್ರೂ ಹೇಳಿದ್ನಾ ಅಣ್ಣ?' ಅಂದ. ಇಲ್ಲಪ್ಪ, ಸೋಲೋ ವಿಷಯನೇ ಅಂದೆ. 'ಅಷ್ಟೇನಾ?' ಅಂದ. ಅಷ್ಟೇ ಅಂದೆ. ಮನೆಯೋರನ್ನೆಲ್ಲ ಕೇಳ್ದೆ ಅಂತ ಹೇಳು ಅಂದು ಇಟ್ಟುಬಿಟ್ಟ."

ಅವಳ ಲೋಟಕ್ಕೆ ಮತ್ತೆ ನೀರು ಬಗ್ಗಿಸಿದೆ.

"ಅಷ್ಟೇನಾ ಅಂದ್ರೆ ಏನೋ ಅಣ್ಣ? ಇನ್ನೇನಿದೆ?"

"ನನಗೇನು ಗೊತ್ತು."

ನನ್ನ ಮುಖ ನೋಡಿದಳು. ಅರವತ್ತಾರು ವರ್ಷದಿಂದ ನೋಡುತ್ತಿರುವ ಮುಖ. ಮತ್ತೆ ಕೇಳಲಿಲ್ಲ.


ಏಪ್ರಿಲ್ 11, ಗುರುವಾರ, ಸಂಜೆ, ಪ್ರಾಕ್ಟೀಸಿನಿಂದ ಬಂದು

ಹತ್ತು ದಿನ ಬರೆಯಲಿಲ್ಲ. ಕೂತೆ, ಎದ್ದೆ.

ಇವತ್ತು ಮೊದಲ ಸಲ ಇಡೀ ಬ್ಯಾಂಡು ಊದಿತು. ನಿನ್ನ ಜಾಗದಲ್ಲಿ ಪ್ಲಂಬರ್. ಒಳ್ಳೆಯವನು, ಗಾಳಿ ಇದೆ, ಪೈಪಿನ ಕೆಲಸದವನಲ್ಲವೆ. ಮೇಡಂಗೆ ಕೊನೆಯ ಸುತ್ತಿನ ಎಂಟು ಬಾರು ಹಿಡಿಸಲಿಲ್ಲ. ಮರಿ ಟ್ಯೂಬಾದಂಥ ಯೂಫೋನಿಯಂ ಊದುವುದನ್ನು ಅಲ್ಲಿ ಬಾಸ್ ಟ್ರೊಂಬೋನೇ ಊದಲಿ ಅಂದರು. ಟೀ ಬಿಡುವಿತ್ತು. ಚೀಟಿ ಕತ್ತರಿಸಿ, ಯೂಫೋನಿಯಂ ಹಾಳೆ ಪಕ್ಕದಲ್ಲಿಟ್ಟುಕೊಂಡು ಹಾಗೇ ಇಳಿಸಿ, ಪ್ಲಂಬರನ ಹಾಳೆಗೆ ಗೋಂದು ಹಚ್ಚಿ ಅಂಟಿಸಿದೆ. ಎರಡು ನಿಮಿಷದ ಕೆಲಸ. ಟೀ ಕೂಡ ಆರಿರಲಿಲ್ಲ.

ಊದಿದ. ಮೊದಲ ಸ್ವರಕ್ಕೇ ತಲೆ ಎತ್ತಿದೆ. ನಾಲ್ಕು ಮೆಟ್ಟಿಲು ಕೆಳಗಿನ ಸ್ವರ. ಎರಡನೆಯದೂ ಹಾಗೇ. ಮೂರನೆಯದಕ್ಕೆ ಅವನೇ ನಿಲ್ಲಿಸಿದ.

"ಯಜಮಾನ್ರೆ, ಇದು ಯೂಫೋನಿಯಂ ಭಾಷೆ ಅಲ್ವಾ? ಸಾಲಿನ ಮೊದಲಿಗೆ ಕ್ಲೆಫ್ ಗುರುತೂ ಹಾಕಿಲ್ಲ. ನನ್ನ ಭಾಷೇಲಿ ಓದ್ಬಿಟ್ಟೆ."

ಎಲ್ಲ ನಕ್ಕರು. "ವಯಸ್ಸಾಯ್ತು ಯಜಮಾನ್ರಿಗೆ," ಅಂದ ಬೇಕರಿಯವನು, ಯೂಫೋನಿಯಂ ತೊಡೆಯ ಮೇಲಿಟ್ಟುಕೊಂಡು. "ನನ್ನ ಅನ್ನ ಕಿತ್ತು ಅವನಿಗೆ ಕೊಟ್ರಿ, ತಟ್ಟೆ ಸಮೇತ ಕೊಟ್ರಿ!"

"ನನ್ನ ತಪ್ಪು," ಅಂದೆ.

"ಬಿಡಿ, ಒಂದು ನಿಮಿಷ, ನಾನೇ ತಿದ್ಕೋತೀನಿ," ಅಂತ ಪ್ಲಂಬರ್ ಕಿವಿಯಲ್ಲಿಟ್ಟಿದ್ದ ಪೆನ್ಸಿಲ್ ತೆಗೆದ.

ಒಂದು ನಿಮಿಷವೂ ಹಿಡಿಯಲಿಲ್ಲ. 'ನನ್ನ ತಪ್ಪು' ಅನ್ನಲು ಎರಡು ಸೆಕೆಂಡು.


ಏಪ್ರಿಲ್ 12, ಶುಕ್ರವಾರ, ಬೆಳಿಗ್ಗೆ ಆರು

ಹನ್ನೊಂದು ನೋಟ್‌ಬುಕ್ಕಿನಲ್ಲಿ ಒಂದರಲ್ಲೂ ಬರೆಯದ್ದನ್ನು ಬರೆಯುತ್ತೇನೆ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಹೇಳಿಕೊಂಡು ಬಂದೆನಲ್ಲ.

ಬ್ರಾಸ್ ಬ್ಯಾಂಡಿನ ಪದ್ಧತಿ ಹಾಗಿದೆ. ಅತಿ ಸಣ್ಣ ಕಾರ್ನೆಟ್ಟಿನಿಂದ ನನ್ನ ಟ್ಯೂಬಾದವರೆಗೂ ಎಲ್ಲರೂ ಓದುವುದು ಒಂದೇ ಕ್ಲೆಫ್. ಸಾಲಿನ ಮೊದಲಿಗೆ ಹಾಕುವ ಗುರುತು — ಯಾವ ಗೆರೆ ಯಾವ ಸ್ವರ ಅಂತ ಹೇಳುವುದು ಅದೇ. ಬಾಸ್ ಟ್ರೊಂಬೋನ್ ಒಂದಕ್ಕೆ ಮಾತ್ರ ಬೇರೆ ಕ್ಲೆಫ್. ಯಾರು ಮಾಡಿದರೋ, ಯಾಕೆ ಮಾಡಿದರೋ. ಇಡೀ ಮನೆಗೆ ಒಂದು ಭಾಷೆ, ಒಬ್ಬ ಮಗನಿಗೆ ಮಾತ್ರ ಇನ್ನೊಂದು. ಅದೇ ಗೆರೆಯ ಮೇಲೆ ಅದೇ ಚುಕ್ಕೆ, ನಿನಗೆ ಬೇರೆ ಸ್ವರ.

ಸ್ಪರ್ಧೆಯ ದಿನ ಬೆಳಿಗ್ಗೆ ಯೂಫೋನಿಯಂನವನಿಗೆ ತುಟಿಯಲ್ಲಿ ಹುಣ್ಣು. ಅವನ ಹದಿನಾರು ಬಾರು ಸೋಲೋ ನೀನು ಊದು ಅಂದರು ಆಗಿನ ಮಾಸ್ತರು. ಬಸ್ಸಿನಲ್ಲಿ ಕೂತು, ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ಅವನ ಹಾಳೆ ನೋಡಿ ನಿನ್ನ ಹಾಳೆಗೆ ಚೀಟಿ ಬರೆದವನು ನಾನು. ನಿನ್ನ ಕ್ಲೆಫ್ಫಿಗೆ ತಿರುಗಿಸಲಿಲ್ಲ. ಕ್ಲೆಫ್ಫೇ ಹಾಕಲಿಲ್ಲ. ಬಸ್ಸು ಕುಲುಕುತ್ತಿತ್ತು, ಚುಕ್ಕೆಗಳು ನೆಟ್ಟಗೆ ಬಂದವಲ್ಲ ಅಂತಲೇ ನನಗೆ ಹೆಮ್ಮೆ.

ವೇದಿಕೆಯ ಮೇಲೆ ನಾನು ಬರೆದದ್ದನ್ನೇ ನೀನು ಊದಿದೆ. ಅವು ಹುಚ್ಚು ಸ್ವರಗಳಲ್ಲ, ಆ ರಾಗದ ಮನೆಯವೇ. ಆದರೆ ತಪ್ಪು ಬಾಗಿಲಿಗೆ ಬಂದಿದ್ದವು. ಅದಕ್ಕೇ ನೀನು ನಿಲ್ಲಿಸಲಿಲ್ಲ. ಈಗ ಸರಿಹೋಗುತ್ತದೆ, ಈಗ ಬ್ಯಾಂಡು ನನ್ನ ಹತ್ತಿರ ಬರುತ್ತದೆ ಅಂತ ಹದಿನಾರು ಬಾರೂ ನೀನು ಕಾದೆ. ಎರಡನೇ ಬಾರು ಮುಗಿಯುವಷ್ಟರಲ್ಲೇ ನನಗೆ ತಿಳಿದುಹೋಗಿತ್ತು. ತಲೆ ತಗ್ಗಿಸಿ ಟ್ಯೂಬಾ ಊದುತ್ತಲೇ ಇದ್ದೆ.

ಇಳಿದ ಮೇಲೆ ಹಾಳೆ ಕೂಡಿಸುವುದೂ ನನ್ನದೇ ಕೆಲಸ. ಎಲ್ಲರಿಗಿಂತ ಮೊದಲು ನಿನ್ನ ಹಾಳೆ ತೆಗೆದುಕೊಂಡೆ. ಚೀಟಿ ಕಿತ್ತು ಜೇಬಿಗೆ ಹಾಕಿದೆ.

"ಕುಡಿದು ಬಂದಿದ್ಯೇನೋ?" ಅಂದರು ಮಾಸ್ತರು.

"ಬರೆದಿದ್ದನ್ನೇ ಊದಿದೆ ಸಾರ್. ಅಣ್ಣ ಚೀಟಿ ಅಂಟಿಸಿದ್ದ."

ಮಾಸ್ತರು ಹಾಳೆ ನೋಡಿದರು. ಗೋಂದಿನ ಕಲೆ ಇತ್ತು, ಚೀಟಿ ಇರಲಿಲ್ಲ. "ಹೌದೇನಯ್ಯ?" ಅಂದರು ನನ್ನನ್ನು.

"ಬಿದ್ದುಹೋಗಿರಬೇಕು. ಸರಿಯಾಗೇ ಬರೆದಿದ್ದೆ," ಅಂದೆ.

ನೀನು ನನ್ನನ್ನು ನೋಡಿದೆ. ಇಪ್ಪತ್ತೆಂಟು ಜನರ ಮುಂದೆ ಅಣ್ಣನನ್ನು ಸುಳ್ಳುಗಾರ ಮಾಡಬಾರದು ಅಂತ ಸುಮ್ಮನಾದೆ, ನಿನ್ನ ಮರ್ಯಾದೆ ಹೋದರೂ. ನಾಳೆ ಹೇಳಿದರಾಯಿತು ಅಂದುಕೊಂಡೆ ನಾನು. ನಾಳೆ ಆಯಿತು, ವಾರ ಆಯಿತು. ಎರಡನೇ ತಿಂಗಳಿಗೆ ನೀನು ಪೆಟ್ಟಿಗೆ ಹಿಡಿದು ಹೊರಟೆ. ಸ್ಟೇಷನ್ನಿಗೂ ಬಂದೆ ನಾನು, ಪೆಟ್ಟಿಗೆ ಎತ್ತಿಕೊಟ್ಟೆ, ಹುಷಾರು ಅಂದೆ. ಅದೊಂದು ಮಾತು ಬಿಟ್ಟು ಬೇರೆಲ್ಲ ಹೇಳಿದೆ.

'ಅಷ್ಟೇನಾ' ಅಂದರೆ ಏನು ಅಂತ ನನಗೆ ಗೊತ್ತು ತಮ್ಮಾ.


ಏಪ್ರಿಲ್ 14, ಭಾನುವಾರ

ಅಕ್ಕನಿಗೆ ಹೇಳಿದೆ. ಕೇಳುತ್ತಾ, ನಾನು ಮನೆಗೆ ತಂದು ಬೆಂಡು ತೆಗೆದಿಟ್ಟಿದ್ದ ಟ್ರೊಂಬೋನ್ ಸ್ಲೈಡನ್ನು ಬಟ್ಟೆಯಿಂದ ಉಜ್ಜುತ್ತಿದ್ದಳು. ಮುಗಿದ ಮೇಲೂ ಉಜ್ಜುತ್ತಲೇ ಇದ್ದಳು.

"ಅಪ್ಪ ಸಾಯೋವಾಗ ಏನಂದ್ರು ಗೊತ್ತಾ? 'ಚಿಕ್ಕೋನಿಗೆ ಧೈರ್ಯ ಸಾಲ್ದು' ಅಂದ್ರು. ಅದನ್ನೇ ನಂಬ್ಕೊಂಡು ಹೋದ್ರು."

"ಗೊತ್ತು. ನಾನೂ ಅಲ್ಲೇ ಇದ್ದೆ."

"ನೀನು ಅಲ್ಲೇ ಇದ್ದೆ!" ಸ್ಲೈಡನ್ನು ಮೇಜಿನ ಮೇಲೆ ಕುಕ್ಕಿದಳು. ಮತ್ತೆ ಬೆಂಡು ಬಿತ್ತೋ ಏನೋ, ನಾನು ನೋಡಲಿಲ್ಲ. "ನಾನೂ ಅವನಿಗೆ ಎಷ್ಟು ಸಲ ಬುದ್ಧಿ ಹೇಳಿದ್ದೀನಿ ಅಣ್ಣ. ತಪ್ಪು ಎಲ್ಲರೂ ಮಾಡ್ತಾರೆ ಕಣೋ, ಮರೆತು ಬಾ ಅಂತ. ಹೂಂ ಅಕ್ಕ, ಹೂಂ ಅಕ್ಕ ಅಂತಾನೆ. ಒಂದು ಸಲ, ಒಂದೇ ಒಂದು ಸಲ ನಿನ್ನ ಮೇಲೆ ಹೇಳಲಿಲ್ಲ ಅವನು."

"ನೀನು ಫೋನ್ ಮಾಡಿ ಸ್ವಲ್ಪ..."

"ನಾನು ಮಾಡಲ್ಲ! ಈ ಮಾತು ನನ್ನ ಬಾಯಿಂದ ಹೋಗಲ್ಲ. ಇಷ್ಟು ವರ್ಷ ನೋಟ್‌ಬುಕ್ಕು ತುಂಬಿಸ್ತಿದ್ದೀಯಂತಲ್ಲ, ಅತ್ತಿಗೆ ಹೇಳಿದ್ರು. ಒಂದು ಪತ್ರ ಬರೆಯೋಕೆ ಏನು ರೋಗ?"

ಹೋಗುವಾಗ ಚಪ್ಪಲಿ ತಪ್ಪು ಕಾಲಿಗೆ ಹಾಕಿಕೊಂಡಳು, ಬಿಚ್ಚಿ ಹಾಕಿಕೊಳ್ಳಲೂ ನಿಲ್ಲಲಿಲ್ಲ. ಅತ್ತಿಗೆ ಎಡಗಿವಿಯಲ್ಲಿ ಎಲ್ಲಾ ಕೇಳಿಸಿಕೊಂಡಿದ್ದಳು ಅಂತ ಕಾಣುತ್ತದೆ. ನನಗೆ ತಟ್ಟೆ ಹಾಕಿದಳು, ತಾನು ಒಳಗೆ ಕೂತು ತಿಂದಳು.


ಏಪ್ರಿಲ್ 15, ಸೋಮವಾರ, ಹನ್ನೊಂದು ಗಂಟೆ

ಟಪಾಲಿಗೆ ಹಾಕಿ ಬಂದೆ. ಒಂಬತ್ತು ಹಾಳೆ ಹರಿದ ಮೇಲೆ ಉಳಿದದ್ದು ಇಷ್ಟು. ಇಲ್ಲೂ ಇಳಿಸಿಡುತ್ತೇನೆ:

'ತಮ್ಮಾ, ಸ್ಪರ್ಧೆಯ ದಿನ ನೀನು ತಪ್ಪು ಊದಲಿಲ್ಲ. ನಾನು ಯೂಫೋನಿಯಂ ಕ್ಲೆಫ್ಫಿನಲ್ಲೇ ಚೀಟಿ ಬರೆದೆ. ಅದನ್ನು ಕಿತ್ತವನೂ ನಾನೇ. ಮಾಸ್ತರಿಗೆ ಸುಳ್ಳು ಹೇಳಿದೆ. ಅಪ್ಪನಿಗೂ ಹೇಳಲಿಲ್ಲ. ಅಕ್ಕನಿಗೆ ನಿನ್ನೆ ಹೇಳಿದೆ. ಬ್ಯಾಂಡಿನವರಿಗೂ ಹೇಳುತ್ತೇನೆ. ಕ್ಷಮಿಸು ಅಂತ ಕೇಳಲು ಮುಖವಿಲ್ಲ. ಇದರ ಜೊತೆ ನಿನ್ನ ಸೋಲೋದ ಹಾಳೆ ಇದೆ. ಸಾಲು ಸಾಲಿಗೂ ಕ್ಲೆಫ್ ಹಾಕಿದ್ದೇನೆ. ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಅಣ್ಣ.'

ಪೆಟ್ಟಿಗೆಯೊಳಗೆ ಬಿಟ್ಟ ಮೇಲೆ ಕೈ ಒಳಗೇ ಇತ್ತು ಸ್ವಲ್ಪ ಹೊತ್ತು. ಹಿಂದೆ ನಿಂತಿದ್ದ ಹೆಂಗಸು "ಆಯ್ತಾ ತಾತ?" ಅಂದಳು. ಆಯ್ತಮ್ಮ ಅಂದೆ.


ಏಪ್ರಿಲ್ 25, ಗುರುವಾರ

ಇಲ್ಲ.


ಮೇ 2, ಗುರುವಾರ

ಪ್ರಾಕ್ಟೀಸಿಗೆ ಮುಂಚೆ ಎದ್ದು ನಿಂತು ಹೇಳಿದೆ, ಬ್ಯಾಂಡಿನವರೆಲ್ಲರಿಗೂ. ಆಗ ಇದ್ದವರು ಈಗ ಆರೇ ಜನ. ಬೇಕರಿಯವನು ಅವರಲ್ಲಿ ಒಬ್ಬ. ಅವತ್ತು ಎರಡನೇ ಯೂಫೋನಿಯಂ ಅವನದ್ದು, ಸೋಲೋ ಕೊಡಲಾಗದಷ್ಟು ಹೊಸಬ. ಯೂಫೋನಿಯಂ ನೆಲಕ್ಕಿಟ್ಟ. ಆಮೇಲೆ, "ಯಜಮಾನ್ರೆ, ವಾಪಸ್ ಬರೋ ಬಸ್ಸಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ನಾನೂ ಕೂರಲಿಲ್ಲ," ಅಂದ. ಅಷ್ಟೇ ಅಂದ. ಬೈದಿದ್ದರೆ ವಾಸಿಯಿತ್ತು.

ಮೇಡಂ ಕೋಲು ಎತ್ತಿದರು. ಊದಿದೆವು.

ಟಪಾಲಿನಲ್ಲಿ ಏನೂ ಇಲ್ಲ. ಹುಡುಗನ ಪರೀಕ್ಷೆ ಇರಬಹುದು. ಮನೆಯವಳ ಮಂಡಿ ಹೆಚ್ಚಾಗಿರಬಹುದು. ವಿಳಾಸದಲ್ಲಿ ಮನೆ ನಂಬರು ಸರಿ ಹಾಕಿದೆನೆ? ಅಕ್ಕನನ್ನು ಕೇಳುವಂತಿಲ್ಲ. ಎರಡು ಭಾನುವಾರವಾಯಿತು, ಅವಳು ಬಂದಿಲ್ಲ.


ಮೇ 18, ಶನಿವಾರ, ಮಧ್ಯಾಹ್ನ ಎರಡು

ಸಂಜೆ ಆರಕ್ಕೆ ಕಚೇರಿ. ಕುರ್ಚಿ ಹಾಕಿ ಬಂದೆ. ಬಾಸ್ ಟ್ರೊಂಬೋನಿಗೆ ಮುಂದೆ ಒಂದು ಸ್ಟ್ಯಾಂಡ್. ಪ್ಲಂಬರ್ ಹತ್ತಿರ ಹೋಗಿ, "ಅಕಸ್ಮಾತ್ ನನ್ನ ತಮ್ಮ ಬಂದ್ರೆ..." ಅಂದೆ.

"ಬಂದ್ರೆ ನಾನೇ ಎದ್ದು ನನ್ನ ಟ್ರೊಂಬೋನೂ ಕೊಡ್ತೀನಿ ಯಜಮಾನ್ರೆ. ಮೌತ್‌ಪೀಸ್ ಮಾತ್ರ ಅವರದ್ದೇ ತರಲಿ."

ನಿನ್ನ ಕಡೆಯಿಂದ ಬರುವ ರೈಲು ನಾಲ್ಕೂ ಹತ್ತಕ್ಕೆ. ಅತ್ತಿಗೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಳೆ. "ಸ್ಟೇಷನ್ ಕಡೆ ಹೋಗಿ ಬರೋದಾದ್ರೆ ಬೇಗ ತೊಟ್ಕೊಳ್ಳಿ" ಅಂದಳು. ಸ್ಟೇಷನ್ ಮಾತು ನಾನು ಎತ್ತಿರಲಿಲ್ಲ.


ಮೇ 19, ಭಾನುವಾರ, ಬೆಳಿಗ್ಗೆ

ನಾಲ್ಕೂ ಹತ್ತರ ರೈಲಿನಲ್ಲಿ ಬರಲಿಲ್ಲ. ಐದೂ ಕಾಲಿನದರಲ್ಲೂ ಬರಲಿಲ್ಲ.

ಕಚೇರಿ ಚೆನ್ನಾಯಿತು. ಪ್ಲಂಬರ್ ಊದಿದ, ನಿಜವಾಗಿಯೂ ಚೆನ್ನಾಗಿ ಊದಿದ. ಎರಡನೇ ಸುತ್ತಿನಲ್ಲಿ ಜನ ಕಾಲಲ್ಲಿ ತಾಳ ಹಾಕಿದರು. ಆ ಹದಿನಾರು ಬಾರು ಬಂದು ಎಲ್ಲ ಸುಮ್ಮನಾದಾಗ, ಅವನ ಕೆಳಗೆ ಹೆಜ್ಜೆ ಹಾಕುತ್ತಾ ಹೋದೆ. ಸ್ವರ ಸರಿಯಿತ್ತು, ಎಳೆತ ಸರಿಯಿತ್ತು. ಗಾಜು ನಡುಗಲಿಲ್ಲ. ಅವನ ತಪ್ಪಲ್ಲ ಅದು.

ಅಕ್ಕ ಬಂದಿದ್ದಳು. ಕೊನೆಯ ಸಾಲು, ಬಾಗಿಲ ಪಕ್ಕ. ಬಾಗಿಲು ಕಿರ್ ಅಂದಾಗಲೆಲ್ಲ ಅವಳೂ ತಿರುಗಿದಳು, ನಾನೂ ನೋಡಿದೆ. ಒಂದು ಸಲ ಇಬ್ಬರ ಕಣ್ಣೂ ಸೇರಿತು. ಮುಗಿದ ಮೇಲೆ ಬಂದು ನನ್ನ ಟ್ಯೂಬಾ ಪೆಟ್ಟಿಗೆಯ ಒಂದು ಕಡೆ ಹಿಡಿದಳು. ಮೆಟ್ಟಿಲಲ್ಲಿ, "ಪತ್ರ ಸೇರಿದೆ ಅಂತೆ," ಅಂದಳು. ಟ್ರಾಮ್ ನಿಲ್ದಾಣದವರೆಗೂ ಹೊತ್ತು ಬಂದಳು, ಆ ಸೊಂಟದಲ್ಲಿ.


ಮೇ 30, ಗುರುವಾರ, ಹನ್ನೆರಡೂವರೆ

ತಮ್ಮಾ,

ಲಕೋಟೆ ಬಂತು. ವಿಳಾಸ ನಿನ್ನ ಕೈಬರಹ, ನೋಡಿದ ಕೂಡಲೇ ಗೊತ್ತಾಯಿತು. ಬಾಗಿಲಲ್ಲೇ ನಿಂತು ಒಡೆದೆ. ಒಳಗೆ ಪತ್ರವಿಲ್ಲ. ಲಕೋಟೆ ಕೊಡವಿದೆ, ಬೆಳಕಿಗೆ ಹಿಡಿದೆ. ಇಲ್ಲ. ನಾನು ಕಳಿಸಿದ ಹಾಳೆಯೇ ಇದೆ. ಬೇಡ ಅಂತ ವಾಪಸು ಮಾಡಿದ ಅಂದುಕೊಂಡು ಅಲ್ಲೇ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತುಬಿಟ್ಟೆ. ಅತ್ತಿಗೆ ಬಂದು ಹಾಳೆ ಕೈಗೆ ತಗೊಂಡು, "ಇದೇನು, ಹಾಳೆ ತುಂಬಾ ಸೊಳ್ಳೆ ಕೂತಿದೆ?" ಅಂದಳು.

ಪೆನ್ಸಿಲ್ ಗುರುತು. ಉಸಿರು ಎಲ್ಲೆಲ್ಲಿ ತಗೊಳ್ಳಬೇಕು ಅಂತ ಊದುವವರು ಗೆರೆಯ ಮೇಲೆ ಹಾಕಿಕೊಳ್ಳುವ ಸಣ್ಣ ಕೊಕ್ಕೆ. ಮೊದಲಿಂದ ಕೊನೆಯವರೆಗೆ ಇದೆ. ಓದಿ ಹಾಕುವ ಗುರುತಲ್ಲ ಅದು. ಬಾಯಿಗೆ ಹಿಡಿದು ಊದಿ, ಎಲ್ಲಿ ಗಾಳಿ ಮುಗಿಯಿತು ಅಂತ ಕಂಡುಕೊಂಡ ಮೇಲೇ ಹಾಕಲು ಬರುವುದು. ಅಂದರೆ ನೀನು ಊದಿದ್ದೀಯ. ಒಂದು ಸಲ ಅಲ್ಲ, ಹಲವು ಸಲ. ರಬ್ಬರಿನಲ್ಲಿ ಉಜ್ಜಿ ಬೇರೆ ಕಡೆ ಹಾಕಿದ್ದೂ ಇದೆ.

ಬೆಳಿಗ್ಗೆಯಿಂದ ಅದನ್ನೇ ಮುಂದಿಟ್ಟುಕೊಂಡು ಕೂತಿದ್ದೇನೆ. ನಡುವಿನ ಆ ಹದಿನಾರು ಬಾರು. ಮೊದಲಾದರೆ ನಾಲ್ಕು ಬಾರು ಕಳೆದ ಮೇಲೆ ಒಂದು ಉಸಿರು ನಿನ್ನದು. ಮಾಸ್ತರು ಬೇರೆಯವರಿಗೆ ಬೈಯುವಾಗ ನಿನ್ನನ್ನೇ ತೋರಿಸುತ್ತಿದ್ದರು. ಈಗ ಎರಡು ಬಾರು ಕಳೆದರೆ ಒಂದು ಕೊಕ್ಕೆ. ಒಂಬತ್ತರ ನಂತರ ಒಂದೂವರೆಗೆ. ಹದಿಮೂರನೆಯದರಲ್ಲಿ ಬಾರಿನ ನಡುವೆಯೇ ಇದೆ, ಒತ್ತಿ ಬರೆದಿದ್ದೀಯ, ಸೀಸ ಮುರಿದಿದೆ. ಅಕ್ಕ ನಿನ್ನ ಸುದ್ದಿ ಎಲ್ಲಾ ಹೇಳುತ್ತಾಳೆ, ಇದನ್ನು ಹೇಳಿರಲಿಲ್ಲ. ಅವಳಿಗೆ ಗೊತ್ತಿರಲಿಕ್ಕಿಲ್ಲ. ನನ್ನ ಲೆಕ್ಕದಲ್ಲಿ ನೀನು ಇನ್ನೂ ಸ್ಟೇಷನ್ನಿನಲ್ಲಿ ಪೆಟ್ಟಿಗೆ ಹಿಡಿದು ನಿಂತವನೇ. ನಿನಗೆ ಅರವತ್ತೊಂದು ಅಂತ ಇವತ್ತು ಗೊತ್ತಾಯಿತು.

ಆ ಜಾಗಗಳನ್ನು ಮತ್ತೆ ಬರೆಯುತ್ತಿದ್ದೇನೆ. ನೀನು ಉಸಿರು ತಗೊಳ್ಳುವ ಕಡೆಯೆಲ್ಲ ನನ್ನ ಟ್ಯೂಬಾ ಹೆಜ್ಜೆ ನಿಲ್ಲಿಸಿ ನಿನ್ನ ಸ್ವರವನ್ನೇ ಹಿಡಿದುಕೊಳ್ಳುತ್ತದೆ. ಕೇಳುವವರಿಗೆ ಸಂದು ಕಾಣುವುದಿಲ್ಲ. ನೀನು ವಾಪಸು ಬಂದ ಮೇಲೆ ನಿನ್ನ ಕೈಗೆ ಕೊಟ್ಟು ನಾನು ಕೆಳಗಿಳಿಯುತ್ತೇನೆ. ನನ್ನ ಗಾಳಿಯೂ ಮೊದಲಿನದಲ್ಲ, ಎಪ್ಪತ್ತೆರಡು. ನೀನು ತಗೊಳ್ಳುವಾಗ ನಾನು ತಗೊಳ್ಳಬಾರದು, ಅಷ್ಟು ನೋಡಿಕೊಂಡರೆ ಸಾಕು. ಆರು, ಎಂಟು, ಹತ್ತು ಆಯಿತು. ಹದಿಮೂರಕ್ಕೆ ಬಂದು ನಿಂತಿದ್ದೇನೆ. ಅಲ್ಲಿ ನಿನಗೆ ಸಣ್ಣ ಉಸಿರು ಸಾಕೆ, ತುಂಬ ತಗೊಳ್ಳಬೇಕೆ? ಕೊಕ್ಕೆ ನೋಡಿದರೆ ಗೊತ್ತಾಗುವುದಿಲ್ಲ. ಎಷ್ಟು ಬೇಕಾದರೂ ತಗೋ, ಹಿಡಿದಿರುತ್ತೇನೆ, ಆದರೆ ಎಷ್ಟು ಅಂತ ನೀನೇ ಹೇಳಬೇಕು. ಈ ಹಾಳೆ ಹರಿದು ಇವತ್ತೇ ಟಪಾಲಿಗೆ ಹಾಕುತ್ತೇನೆ, ಬೇಗ ಬರೆದು ತಿಳಿಸು, ಒಂದು ಸಾಲು ಬರೆದರೂ ಸಾಕು, ಹದಿಮೂರರಲ್ಲಿ ನಾನು ಎಷ್ಟು ಹೊತ್ತು ಹಿಡಿದಿರಬೇಕು ಅಂತ.